ಗಿಡ್ಡ ಪುಸ್ತಕದ ಹೊಲಿಗೆ

ಟೈಲರಕ್ಕನ ಮನೆಗೆ ಬಟ್ಟೆ ಕೊಡಲು ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಹೊಲಿಗೆ ಮೆಷಿನ್ನಲ್ಲ, ಅದರ ಹಿಂದೆ ಗೋಡೆಯುದ್ದಕ್ಕೂ ಸೊಂಟದೆತ್ತರ ಪೇರಿಸಿದ್ದ ಹಳೇ ಪತ್ರಿಕೆಗಳು. ಕೋಟಿನ ಜೇಬಿಗೆ ಹಿಡಿಯುವ ಗಾತ್ರ, ಟೀ ಬಣ್ಣಕ್ಕೆ ತಿರುಗಿದ ಕಾಗದ, ತುಕ್ಕು ಹಿಡಿದ ಪಿನ್ನು. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದವರು ಆ ರಾಶಿಯನ್ನೊಮ್ಮೆ ಅವಳನ್ನೊಮ್ಮೆ ನೋಡಿ, "ಇದೆಲ್ಲ ರದ್ದಿಗಾ ಅಕ್ಕ?" ಎಂದು ಕೇಳುವುದಿತ್ತು. ಹಾಗೆ ಕೇಳಿದವರ ಪ್ಯಾಂಟು ಹೇಳಿದ ದಿನಕ್ಕೆ ಸಿಗುತ್ತಿರಲಿಲ್ಲ.

ಅವು ಯುದ್ಧಕಾಲದ ಪತ್ರಿಕೆಗಳು. ಆಗ ಅನ್ನಕ್ಕೆ ಹೇಗೋ ಹಾಗೆ ಕಾಗದಕ್ಕೂ ರೇಷನ್. ದಪ್ಪ ಕಾದಂಬರಿ ಅಚ್ಚು ಹಾಕುವುದು ದೂರದ ಮಾತಾಗಿತ್ತು. ಆದರೆ ನೆಲಮಾಳಿಗೆಯಲ್ಲಿ ಕೂತು ತಲೆಯ ಮೇಲಿನ ಬಾಂಬಿನ ವಿಮಾನ ಹೋಗಲಿ ಎಂದು ಕಾಯುವ ಜನಕ್ಕೆ ಓದಲು ಏನಾದರೂ ಬೇಕಲ್ಲ? ಒಬ್ಬ ಪ್ರಕಾಶಕನಿಗೆ ಉಪಾಯ ಹೊಳೆಯಿತು. ಜನ ಮುಗಿಬಿದ್ದು ಕೊಂಡಿದ್ದ ಕಾದಂಬರಿಗಳನ್ನೇ ಆರಿಸಿ, ಒಂದೊಂದನ್ನೂ ಹಿಂಡಿ ಹಿಂಡಿ ನಲವತ್ತು ಪುಟಕ್ಕೆ ಇಳಿಸಿ, ಮೂರು ಕಾದಂಬರಿಗೆ ಒಂದು ಸಂಚಿಕೆಯಂತೆ ತಿಂಗಳಿಗೊಮ್ಮೆ ಮಾರತೊಡಗಿದ. ಮುಖಪುಟದ ಮೇಲೆ ಅದಕ್ಕೆ ಸುರುಳಿ ಅಕ್ಷರದ ದೊಡ್ಡ ಹೆಸರೇ ಇತ್ತು. ಟೈಲರಕ್ಕನ ಮನೆಯಲ್ಲಿ ಮಾತ್ರ ಅದು ಎಂದೆಂದಿಗೂ 'ಗಿಡ್ಡ ಪುಸ್ತಕ'. ಯಾಕೆಂದರೆ ಅದನ್ನು ಗಿಡ್ಡ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬರು ಅವಳ ಅಪ್ಪ.

"ಅಪ್ಪ ಪುಸ್ತಕ ಗಿಡ್ಡ ಮಾಡಿದ್ರು, ಮಗಳು ಪ್ಯಾಂಟು ಗಿಡ್ಡ ಮಾಡ್ತಾಳೆ. ವಂಶವೇ ಕತ್ತರೀದು" ಎನ್ನುವುದು ಅವಳ ಗಂಡನ ಹಳೇ ಜೋಕು. ಆತ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಮೇಲೆ ಕೆಳಗೆ ಓಡಾಡುವ ವಸ್ತುಗಳ ಮೇಲಷ್ಟೇ ಅವನಿಗೆ ಗೌರವ. ಒಂದೇ ಕಡೆ ಕೂತು ಧೂಳು ತಿನ್ನುವ ವಸ್ತುಗಳೆಂದರೆ ಅಷ್ಟಕ್ಕಷ್ಟೆ. ಹಾಗಂತ ಹಳೇ ಪುಸ್ತಕದ ಸಂತೆಗಳಿಂದ ಆ ಕಟ್ಟುಗಳನ್ನು ಹೆಗಲ ಮೇಲೆ ಹೊತ್ತು ತಂದವನೂ ಅವನೇ, ದಾರಿಯುದ್ದಕ್ಕೂ ಗೊಣಗಿಕೊಂಡು.

ಟೈಲರಕ್ಕನಿಗೆ ಐದು ವರ್ಷವಿದ್ದಾಗ, ಯುದ್ಧ ಮುಗಿದ ಮೊದಲ ಚಳಿಗಾಲದಲ್ಲಿ, ಅಪ್ಪ ಎದೆರೋಗದಿಂದ ತೀರಿಕೊಂಡಿದ್ದರು. ಅವಳಿಗೆ ಅಪ್ಪನ ಕೋಟಿನ ಒರಟು ನೆನಪಿದೆ, ಕೆಮ್ಮು ನೆನಪಿದೆ. ದನಿ ನೆನಪಿಲ್ಲ. ನೆನಪಿರಲು ಆ ಮನುಷ್ಯ ಮಾತಾಡಿದ್ದರೆ ತಾನೆ? "ನಿಮ್ಮಪ್ಪನ ಬಾಯಲ್ಲಿ ಮಾತಿಗೆ ಬರಗಾಲ. 'ಹೂಂ' ಅಂದ್ರೆ ಅದೇ ಭಾಷಣ" ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ತನ್ನನ್ನು ಮಾತಾಡಿಸಿದ ಒಂದೇ ಒಂದು ನೆನಪೂ ಮಗಳಿಗಿಲ್ಲ. ಬೇರೆ ಮಕ್ಕಳು ತಮ್ಮ ತಮ್ಮ ಅಪ್ಪಂದಿರ ಮಾತನ್ನು ಅಣಕಿಸುವಾಗ ಇವಳು ಸುಮ್ಮನೆ ನಿಂತಿರುತ್ತಿದ್ದಳು. ಅಣಕಿಸುವುದಕ್ಕಾದರೂ ಒಂದು ಮಾತು ಬೇಕಲ್ಲ.

ಅವಳ ಮದುವೆಯ ದಿನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಸ್ವಲ್ಪ ಖುಷಿಯಲ್ಲಿದ್ದಾಗ ಒಂದು ಸಂಗತಿ ಹೇಳಿದರು. ಕಾದಂಬರಿ ಗಿಡ್ಡ ಮಾಡುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತಂತೆ. ಎಷ್ಟು ಬೇಕಾದರೂ ಕತ್ತರಿಸಬಹುದು, ಆದರೆ ಸ್ವಂತದ್ದು ಒಂದು ಪದವನ್ನೂ ಸೇರಿಸುವಂತಿಲ್ಲ. ಮೂವತ್ತು ಪುಟ ಒಮ್ಮೆಲೇ ಹಾರಿಸಿದಾಗ ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧವೇ ತಪ್ಪಿಹೋಗುತ್ತದಲ್ಲ, ಅಂಥ ಕಡೆ ಮಾತ್ರ ಎರಡು ತುದಿ ಸೇರಿಸಲು ಒಂದು ವಾಕ್ಯ ಬರೆಯಬಹುದು. ಆ ವಾಕ್ಯಕ್ಕೆ ಆಫೀಸಿನಲ್ಲಿ 'ಹೊಲಿಗೆ' ಎನ್ನುತ್ತಿದ್ದರು.

"ನಿಮ್ಮಪ್ಪ ಜೀವಮಾನದಲ್ಲಿ ಸ್ವಂತ ಬರೆದದ್ದು ಅಂದ್ರೆ ಅಷ್ಟೇ ಕಣಮ್ಮ, ಆ ಹೊಲಿಗೆಗಳು" ಎಂದು ದೊಡ್ಡಪ್ಪ ಹೇಳಿ, ಇನ್ನೊಂದು ಲೋಟಕ್ಕೆ ಕೈ ಚಾಚಿದರು. ಅವರ ಪಾಲಿಗೆ ಅದು ಅಲ್ಲಿಗೆ ಮುಗಿದ ಮಾತು. ಮದುಮಗಳ ತಲೆಗೆ ಮಾತ್ರ ಅಂದು ಹೊಕ್ಕ ಹುಳ ಮತ್ತೆ ಹೊರಗೆ ಬರಲಿಲ್ಲ.

ಅಂದಿನಿಂದ ಟೈಲರಕ್ಕ ಗಿಡ್ಡ ಪುಸ್ತಕ ಕೂಡಿಡತೊಡಗಿದಳು. ಸಂಚಿಕೆ ಸಿಕ್ಕರೆ ಸಾಲದು, ಅದರಲ್ಲಿರುವ ಕಾದಂಬರಿಗಳ ಪೂರ್ತಿ ಪ್ರತಿಯೂ ಬೇಕು. ಎರಡನ್ನೂ ಕಟಿಂಗ್ ಟೇಬಲ್ಲಿನ ಮೇಲೆ ಅಕ್ಕಪಕ್ಕ ಹರಡಿ, ಸಾಲಿಗೆ ಸಾಲು ಬೆರಳಿಟ್ಟು ಓದಬೇಕು. ದೊಡ್ಡದರಲ್ಲಿ ಇಲ್ಲದೆ ಗಿಡ್ಡದರಲ್ಲಿ ಮಾತ್ರ ಇರುವ ವಾಕ್ಯ ಸಿಕ್ಕಿತೋ, ಅದೇ ಹೊಲಿಗೆ. ಬಟ್ಟೆಯ ಒಳಮೈ ತಿರುಗಿಸಿ ಯಾರು ಹೊಲಿದದ್ದೆಂದು ಹೇಳಬಲ್ಲವಳಿಗೆ ಇದು ತೀರಾ ಕಷ್ಟದ ಕೆಲಸವಲ್ಲ, ಆದರೆ ಹೊತ್ತು ತಿನ್ನುತ್ತದೆ. ಎಷ್ಟೋ ಮಧ್ಯಾಹ್ನದ ಊಟ ಆರಿ ತಣ್ಣಗಾಯಿತು.

ಕೆಲವೇ ತಿಂಗಳಲ್ಲಿ ಅವಳಿಗೆ ಎರಡು ಕೈಗಳ ಗುರುತು ಹತ್ತಿತು. ಪತ್ರಿಕೆಯಲ್ಲಿ ಇಬ್ಬರ ಹೆಸರೂ ಅಚ್ಚಾಗುತ್ತಿರಲಿಲ್ಲ, ನಿಜ. ಆದರೆ ಒಬ್ಬನ ಹೊಲಿಗೆ ಇನ್ನೊಬ್ಬನ ಹೊಲಿಗೆಯ ಹಾಗೆ ಇರುವುದುಂಟೆ? ಒಬ್ಬನದು ಚುಟುಕು. 'ಮೂರು ವರ್ಷ ಕಳೆಯಿತು.' 'ಅವನು ಒಪ್ಪಲಿಲ್ಲ.' 'ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.' ಇನ್ನೊಬ್ಬ ಮಾತಿನ ಮಲ್ಲ. ಒಂದು ವಾಕ್ಯ ಬರೆಯಿರಿ ಎಂದರೆ ಅದನ್ನೇ ಎಳೆದೂ ಎಳೆದೂ ಮೂರು ವಾಕ್ಯದ ಉದ್ದ ಮಾಡುವವನು, ಕಥೆಗೆ ಸಂಬಂಧವೇ ಇಲ್ಲದ್ದನ್ನೆಲ್ಲ ತುರುಕುವವನು. ಅವನಿಗೆ ಅವಳು 'ವಟವಟ' ಎಂದು ಹೆಸರಿಟ್ಟಳು.

ಅಪ್ಪ ಯಾರು, ವಟವಟ ಯಾರು ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. 'ಹೂಂ' ಎನ್ನುವುದೇ ಭಾಷಣವಾಗಿದ್ದವರು ಇನ್ನು ಹೇಗೆ ಬರೆದಾರು? 'ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ' ಎಂಬ ವಾಕ್ಯವನ್ನು ಅವಳು ಎಷ್ಟು ಸಲ ಓದಿಕೊಂಡಳೋ. ಅದರೊಳಗೆ ಅಪ್ಪನ ನೋವು, ಬಿಗುಮಾನ, ತನ್ನ ಮೇಲಿನ ಮೂಕ ಪ್ರೀತಿ ಎಲ್ಲ ಇದೆ ಎಂದು ತನಗೆ ತಾನೇ ಅರ್ಥ ಹೇಳಿಕೊಂಡಳು. ಆದರೂ ಒಳಗೊಳಗೆ ಒಂದು ಹಸಿವು ಉಳಿದೇ ಇತ್ತು. ಎಲ್ಲೋ ಒಂದು ಸಂಚಿಕೆಯಲ್ಲಿ, ಕಣ್ತಪ್ಪಿಯಾದರೂ, ಮಗಳಿದ್ದಾಳೆ ಎಂಬ ಸುಳಿವು ಕೊಡುವ ಒಂದು ವಾಕ್ಯವನ್ನು ಅಪ್ಪ ಬರೆದಿರಬಾರದೆ? ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದದ್ದು ಅದನ್ನೇ. ವಟವಟನ ಹೊಲಿಗೆಗಳು ಬಂದಾಗ ಗಂಡನಿಗೆ ಓದಿ ಹೇಳಿ ಇಬ್ಬರೂ ನಗುತ್ತಿದ್ದರು.

ವಟವಟ ನಗಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದು ಕಾದಂಬರಿಯಲ್ಲಿ ಹಿಟ್ಟಿನ ಗಿರಣಿಯ ಮಾಲೀಕ, ಮದುವೆಯನ್ನೇ ಆಗದ ಒಂಟಿ ಪ್ರಾಣಿ. ಅಂಥವನ ಕಥೆಯಲ್ಲಿ ಈ ಪುಣ್ಯಾತ್ಮ ಹಾಕಿದ ಹೊಲಿಗೆ: 'ಮಾಲೀಕ ಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಮಗುವಿಗೆ ನಾಲ್ಕು ಹಲ್ಲು ಬಂದಿದ್ದವು, ಅದರಲ್ಲಿ ಒಂದು ಸ್ವಲ್ಪ ಸೊಟ್ಟ.'

"ಬ್ರಹ್ಮಚಾರಿ ಮನೇಲಿ ಮಗು ಎಲ್ಲಿಂದ ಬಂತು? ಹಿಟ್ಟಿನ ಮೂಟೆಯಿಂದ್ಲಾ?" ಎಂದು ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಹೀಗೆ ವರ್ಷಗಳು ಉರುಳಿ, ಟೈಲರಕ್ಕನಿಗೇ ಮೆಷಿನ್ನಿನ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾದ ಕಾಲಕ್ಕೆ, ಅವಳ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಒಬ್ಬಳೇ ಮಗಳನ್ನು ಸಾಕಿದವಳು. ಯಾರ ಹಂಗೂ ಬೇಡವೆಂದು ಅಷ್ಟು ವಯಸ್ಸಾದರೂ ತನ್ನದೇ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದವಳು. ಈಗ ನಡೆಯಲಾಗದು, ಕಣ್ಣಿಗೂ ಮಂಜು ಮುಸುಕಿ ಅಕ್ಷರ ಕಾಣದು. ಮಗಳ ಮನೆಗೆ ಬಾರದೆ ಗತಿಯಿರಲಿಲ್ಲ. ಬಂದವಳಿಗೆ ಮಲಗಲು ಮಂಚ ಬೇಕು, ಮಂಚಕ್ಕೆ ಜಾಗ ಬೇಕು. ಜಾಗವಿದ್ದದ್ದು ಮೆಷಿನ್ನಿನ ಹಿಂದೆ, ಗೋಡೆಯ ಬದಿ, ಗಿಡ್ಡ ಪುಸ್ತಕಗಳು ಕೂತಲ್ಲಿ.

"ಅದನ್ನೆಲ್ಲ ರದ್ದಿಗೆ ಹಾಕು. ಅವರ ಮಾತನ್ನೆಲ್ಲ ನುಂಗಿ ನೀರು ಕುಡಿದದ್ದೇ ಆ ಗಿಡ್ಡ ಪುಸ್ತಕ. ದಿನವಿಡೀ ಅಲ್ಲಿ ಮಾತು ಕತ್ತರಿಸಿ, ಮನೆಗೆ ಬಾಯಿ ಮುಚ್ಚಿಕೊಂಡು ಬರೋರು" ಎಂದಳು ಅಮ್ಮ. ಆ ಪತ್ರಿಕೆಯ ಮಾತೆತ್ತಿದರೆ ಮೂಗು ಮುರಿಯುವುದು ಅವಳ ಮೊದಲಿನಿಂದಲೂ ಇದ್ದ ಸ್ವಭಾವ. ಹಾಗಾಗಿ ಮಗಳು ಅವಳೆದುರು ಅದನ್ನು ಎಂದೂ ತೆರೆದದ್ದಿಲ್ಲ.

ರದ್ದಿಗೆ ಹಾಕುವುದೆಂದರೆ ಟೈಲರಕ್ಕನಿಗೆ ಕೈ ಬಾರದು. ಅಷ್ಟರಲ್ಲಿ ಹಲ್ಲು ಡಾಕ್ಟರ ನೆನಪಾಯಿತು. ಅವರೂ ಇದೇ ಪತ್ರಿಕೆ ಕೂಡಿಡುವವರು, ಆದರೆ ಮುಖಪುಟದ ಬಣ್ಣದ ಚಿತ್ರಕ್ಕಾಗಿ ಮಾತ್ರ. ಒಂದೊಂದು ಸಂಚಿಕೆಯನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಟಿಸಿ, ಕ್ಲಿನಿಕ್ಕಿನ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದರು. ಒಳಗಿನ ಒಂದು ಪುಟವನ್ನೂ ಅವರು ಓದಿದವರಲ್ಲ. ಅಂಥವರನ್ನು ಕಂಡರೆ ಟೈಲರಕ್ಕನಿಗೆ ಮೈ ಉರಿಯುತ್ತಿತ್ತು, ಆದರೆ ವ್ಯವಹಾರಕ್ಕೆ ಮೈ ಉರಿ ಅಡ್ಡಬರಬೇಕೆಂದಿಲ್ಲವಲ್ಲ. ಮೂರು ಕಾದಂಬರಿಯೂ ವಟವಟನದೇ ಆದ ಸಂಚಿಕೆಗಳನ್ನು ಆರಿಸಿ, ಒಂದು ದೊಡ್ಡ ಕಟ್ಟು ಕಟ್ಟಿ, ಅವರಿಗೆ ಕೊಟ್ಟಳು. ಬದಲಿಗೆ ಅವರಲ್ಲಿ ಎರಡೆರಡು ಪ್ರತಿಯಿದ್ದ, ತನ್ನಲ್ಲಿಲ್ಲದ, ಚುಟುಕಿನವನ ಒಂದೇ ಒಂದು ಸಂಚಿಕೆಯನ್ನು ತಂದಳು. ಡಾಕ್ಟರ ಮುಖ ಊರಗಲವಾಯಿತು. ಯುದ್ಧಕಾಲದ ಒಂದೂ ಬಿಡದೆ ಎಲ್ಲ ಸಂಚಿಕೆಗಳೂ ಅವರಲ್ಲೀಗ ಇದ್ದವು. ತನ್ನ ಗೋಡೆ ಖಾಲಿಯಾಯಿತೆಂದು ಟೈಲರಕ್ಕನೂ ಹಗುರಾಗಿ ಮನೆಗೆ ಬಂದಳು.

ಅಮ್ಮ ಬಂದು ಒಂದು ವಾರವಾಗಿರಬೇಕು. ಮಧ್ಯಾಹ್ನದ ಊಟದ ಹೊತ್ತು. ಮಂಚದ ಪಕ್ಕಕ್ಕೇ ಮೇಜು ಎಳೆದುಕೊಂಡು ಮೂವರೂ ಕೂತಿದ್ದರು. ಅಮ್ಮನನ್ನು ನಗಿಸೋಣವೆಂದು ಗಂಡ ಮಾತು ತೆಗೆದ.

"ಅತ್ತೇ, ನಿಮ್ಮ ಮಗಳ ಗಿಡ್ಡ ಪುಸ್ತಕದಲ್ಲಿ ಒಬ್ಬ ಇದ್ದ, ವಟವಟ ಅಂತ. ಕಥೆಯಲ್ಲಿ ಇಲ್ಲದವರನ್ನೆಲ್ಲ ಕರ್ಕೊಂಡು ಬರೋನು. ಆ ಸಮುದ್ರದ ದೀಪದ ಮನೆ ಕಥೆಯಲ್ಲಿ ಒಬ್ಬಳು ಬರ್ತಾಳಲ್ಲ, ಏನೇ ಅವಳ ಹೆಸರು?"

ಟೈಲರಕ್ಕನಿಗೆ ಅದು ಬಾಯಿಪಾಠ. ಆ ವಾಕ್ಯದ ಮೇಲೆ ಅವಳು ಒಂದು ಇಡೀ ವಾರ ಕಳೆದಿದ್ದಳು. ದೀಪದ ಮನೆ ಕಾಯುವವನ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಓದಿದರೂ ಆ ಹೆಸರಿನ ಹೆಂಗಸು ಎಲ್ಲೂ ಇರಲಿಲ್ಲ. ಅಚ್ಚುಮೊಳೆ ಜೋಡಿಸುವವನ ತಪ್ಪೋ, ವಟವಟನ ತಲೆಯ ತಪ್ಪೋ ಎಂದು ಕೊನೆಗೆ ಕೈಬಿಟ್ಟಿದ್ದಳು. ಈಗ ತುತ್ತು ನುಂಗಿ, ನಾಟಕದವರ ದನಿ ಮಾಡಿ ಹೇಳಿದಳು: "'ಈ ನಡುವೆ ಊಳಮ್ಮ ಎರಡು ಸಲ ಬಂದು ಕೂಗಿ ಹೋದಳು, ಯಾರಿಗೂ ಏನೂ ಆಗಲಿಲ್ಲ, ಹೀಗೆ ಚಳಿಗಾಲ ಮುಗಿಯಿತು.'"

ಗಂಡ ನಕ್ಕ. ಟೈಲರಕ್ಕ ನಕ್ಕಳು. ಅಮ್ಮ ಕೈಯಲ್ಲಿದ್ದ ಚಮಚವನ್ನು ತಟ್ಟೆಗೆ ಇಟ್ಟುಬಿಟ್ಟಳು.

"ಏನಂದೆ? ಇನ್ನೊಂದ್ಸಲ ಹೇಳು" ಎಂದಳು.

ಟೈಲರಕ್ಕ ನಗುತ್ತಲೇ ಹೇಳಿದಳು.

"ಊಳಮ್ಮ ಅಂದ್ರೆ ಹೆಂಗಸಲ್ಲ. ಸೈರನ್ನು. ಬಾಂಬಿನ ವಿಮಾನ ಬಂದಾಗ ಊಳಿಡ್ತಿತ್ತಲ್ಲ, ಅದು. ನೀನಿಟ್ಟ ಹೆಸರು."

"ನಾನಾ?"

"ನಿನಗೆ ಆಗಷ್ಟೇ ಮಾತು ಬರ್ತಿತ್ತು. ನೆಲಮಾಳಿಗೆಯಲ್ಲಿ ಅವರ ಕೋಟಿನೊಳಗೆ ತಲೆ ತೂರಿಸಿ, 'ಊಳಮ್ಮ ಹೋದ್ಲಾ, ಊಳಮ್ಮ ಹೋದ್ಲಾ' ಅಂತ ಕೇಳ್ತಿದ್ದೆ. ಅವರು ಬರೀ ತಲೆ ಆಡಿಸೋರು. ನಮ್ಮನೆ ಬಿಟ್ಟು ಲೋಕದಲ್ಲಿ ಇನ್ಯಾರಿಗೆ ಗೊತ್ತು ಆ ಹೆಸರು?" ಅಮ್ಮ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಅದನ್ನ ಯಾರು ಬರೆದರು ಅಂದೆ?"

ಗಂಡನ ನಗು ಬಾಯಲ್ಲೇ ನಿಂತಿತು. ಎಲ್ಲರಿಗೂ ಒಟ್ಟಿಗೇ ತಿಳಿದಿತ್ತು, ಆದರೆ ಬಾಯಿಬಿಟ್ಟು ಹೇಳುವವರು ಬೇಕಿತ್ತು. ಕೊನೆಗೆ ಗಂಡನೇ ಹೇಳಿದ: "ಅಂದ್ರೆ ವಟವಟನೇ ನಮ್ಮ ಮಾವ."

ಟೈಲರಕ್ಕ ಎದ್ದು ಕೈ ತೊಳೆಯಲು ಹೋದವಳು ನಲ್ಲಿ ತೆರೆದಿಟ್ಟು ಹಾಗೇ ನಿಂತಳು. ಅವಳಿಗೆ ಅಳುವೂ ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂತು. 'ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.' ಆ ಒಣ ವಾಕ್ಯವನ್ನು ಎದೆಗವಚಿಕೊಂಡು ಇಷ್ಟು ವರ್ಷ ಯಾರದೋ ಅಪ್ಪನಿಗೆ ಮಗಳಾಗಿದ್ದಳಲ್ಲ! ತನ್ನ ಅಪ್ಪ ಪುಟಪುಟದಲ್ಲೂ ಮಗು, ಮಗು ಎಂದು ಕೂಗುತ್ತಿದ್ದಾಗ ಗಂಡನ ಜೊತೆ ಸೇರಿ ಹಲ್ಲು ಕಿಸಿದಿದ್ದಳು. ಅದೂ ಸಾಲದೆ ತನ್ನ ಕೈಯಾರೆ ಅಪ್ಪನನ್ನು ಕಟ್ಟು ಕಟ್ಟಿ ಹಲ್ಲು ಡಾಕ್ಟರಿಗೆ ಕೊಟ್ಟು ಬಂದಿದ್ದಳು.

ಉಟ್ಟ ಬಟ್ಟೆಯಲ್ಲೇ ಹೊರಟಳು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿದ್ದದ್ದು ಅವಳಿಗೆ ಗೊತ್ತಾದದ್ದು ಕ್ಲಿನಿಕ್ಕಿನ ಕನ್ನಡಿ ನೋಡಿದ ಮೇಲೆಯೇ. ಡಾಕ್ಟರು ಒಬ್ಬ ದಪ್ಪ ಮನುಷ್ಯನ ಬಾಯಿಗೆ ಹತ್ತಿ ತುರುಕಿ, ಕೈಯಲ್ಲಿ ಇಕ್ಕಳ ಹಿಡಿದು ನಿಂತಿದ್ದರು.

"ಡಾಕ್ಟ್ರೇ, ನಾನು ಕೊಟ್ಟ ಕಟ್ಟು ವಾಪಸ್ ಬೇಕು. ನಿಮ್ಮದನ್ನ ನೀವು ತಗೊಳ್ಳಿ" ಎಂದು ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಆಗೋದಿಲ್ಲಮ್ಮ. ಕೊಟ್ಟದ್ದು ಕೊಟ್ಟಾಯ್ತು. ಬರೋ ಭಾನುವಾರ ನಮ್ಮ ಸಂಗ್ರಹಕಾರರ ಸಂಘದವರು ಪೂರ್ತಿ ಸೆಟ್ ನೋಡ್ಲಿಕ್ಕೆ ಬರ್ತಿದ್ದಾರೆ. ಹೀಗೆ ನಡುವೆ ಹಲ್ಲು ಕಿತ್ತರೆ ಹೇಗೆ?"

"ಅದರಲ್ಲಿ ನಮ್ಮಪ್ಪ ಇದ್ದಾರೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಹೊಲಿಗೆ ಎಂದರೇನು, ಊಳಮ್ಮ ಎಂದರೆ ಯಾರು, ತಾನು ಎಂಥ ಪೆದ್ದಿ, ಎಲ್ಲವನ್ನೂ ಒಂದೇ ಉಸಿರಿಗೆ, ಅಳುತ್ತ. ಇಕ್ಕಳ ಗಾಳಿಯಲ್ಲೇ ಉಳಿಯಿತು. ಕುರ್ಚಿಯಲ್ಲಿದ್ದ ದಪ್ಪ ಮನುಷ್ಯ ಹತ್ತಿ ತುಂಬಿದ ಬಾಯಲ್ಲೇ "ಒಹಿ, ಒಹಿ" ಎಂದು ಕೈಯಾಡಿಸತೊಡಗಿದ. ನೋವಾಯಿತೇನೋ ಎಂದು ಡಾಕ್ಟರು ಗಾಬರಿಯಾಗಿ ಹತ್ತಿ ತೆಗೆದರು.

"ಕೊಡೀಂದ್ರೆ! ಕೊಡಿ ಆಯಮ್ಮಂಗೆ!" ಎಂದ ಆತ ಕಣ್ಣೊರೆಸಿಕೊಂಡು.

ಹಲ್ಲು ಡಾಕ್ಟರು ಕೆಟ್ಟವರಲ್ಲ. ಗಾಜಿನ ಕಪಾಟು ತೆರೆದು, ತಾವೇ ಬ್ಲೇಡು ತಂದು ಒಂದೊಂದೇ ಕವರು ಕೊಯ್ದರು. ಹಾಗೆ ಕೊಯ್ಯುವಾಗ ಅವರ ಮುಖ ಹಲ್ಲು ಕೀಳಿಸಿಕೊಳ್ಳುವವರ ಮುಖದಂತಾಗಿತ್ತು.

"ಶನಿವಾರ ಸಂಜೆ ತನಕ ಇಟ್ಕೊಳ್ಳಿ. ಓದಿ, ಬರ್ಕೊಳ್ಳಿ, ಏನಾದ್ರೂ ಮಾಡಿ. ಭಾನುವಾರ ಮಾತ್ರ ನನ್ನ ಮರ್ಯಾದೆ ಕಳೀಬೇಡಿ" ಎಂದರು.

ಅಂದಿನಿಂದ ಟೈಲರಕ್ಕ ಗಿರಾಕಿಗಳ ಬಟ್ಟೆಗೆ ಕೈ ಹಚ್ಚಲಿಲ್ಲ. ಮಧ್ಯಾಹ್ನವಾದರೆ ಸಾಕು, ಅಮ್ಮನ ಮಂಚದ ತುದಿಗೆ ಕೂತು, ಹಿಂದೊಮ್ಮೆ ನಗಾಡಿ ಬಿಟ್ಟ ಹೊಲಿಗೆಗಳನ್ನು ಹುಡುಕಿ ಹುಡುಕಿ ಓದುತ್ತಿದ್ದಳು. ಅಮ್ಮ ಮೊದಮೊದಲು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆಮೇಲೆ ಈ ಕಡೆ ತಿರುಗಿದಳು. ಗಿರಣಿಯ ಹಲ್ಲಿನ ವಾಕ್ಯ ಬಂದಾಗ, "ಹೌದು ಕಣೇ, ಕೆಳಗಿನ ಸಾಲಲ್ಲಿ ಒಂದು ಸೊಟ್ಟಗಿತ್ತು. ಆರಕ್ಕೇರದೆ ಮೂರಕ್ಕಿಳಿಯದೆ ಇರ್ತಿದ್ದ ಮನುಷ್ಯ ಅದನ್ನೂ ನೋಡಿದ್ರಾ!" ಎಂದು ಬಾಯಿಗೆ ಹೊದಿಕೆ ಒತ್ತಿಕೊಂಡು ನಕ್ಕಳು.

ಹಡಗಿನ ವೈದ್ಯನ ಕಥೆಯೊಂದಿತ್ತು. ಇಡೀ ಕಾದಂಬರಿ ನಡುಸಮುದ್ರದಲ್ಲಿ ನಡೆಯುವಂಥದ್ದು. ಅದರ ಮಧ್ಯೆ ಅಪ್ಪ ಹಾಕಿದ್ದ ಹೊಲಿಗೆಯನ್ನು ಟೈಲರಕ್ಕ ಓದಿದಳು: 'ಹಡಗು ಮುಂದೆ ಸಾಗಿತು, ಬಾಗಿಲ ಸಂದಿಯಿಂದ ನೋಡಿದರೆ ಮಗು ಗೋಡೆ ಹಿಡಿದು ನಿಂತಿತ್ತು, ಬಿದ್ದರೆ ಹಿಡಿಯಲೆಂದು ಈಚೆಯಿಂದೊಂದು ಕೈ ಚಾಚಿದ್ದು ಅದಕ್ಕೆ ಗೊತ್ತಾಗಲಿಲ್ಲ.'

ಓದಿ ಮುಗಿಸುವಷ್ಟರಲ್ಲಿ ಅವಳ ಕಣ್ಣಿಗೆ ಅಕ್ಷರಗಳು ಕಲಸಿಹೋದವು. ಜೀವಮಾನವಿಡೀ ಬೇಡಿದ್ದು ಒಂದು ಮಾತು. ಆ ಮನುಷ್ಯ ಹಡಗು ನಿಲ್ಲಿಸಿ, ಗಿರಣಿ ನಿಲ್ಲಿಸಿ, ಯಾರದೋ ಕಾದಂಬರಿಯ ನಡುವೆ ಜಾಗ ಮಾಡಿ, ಕದ್ದು ಕದ್ದು ಹೇಳಿಹೋಗಿದ್ದರು. ಅವಳು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡು ಮನಸಾರೆ ಅತ್ತಳು.

ಅಮ್ಮ ಅಳಲಿಲ್ಲ. "ಇಷ್ಟೊಂದು ಮಾತಿತ್ತಾ ಆ ಮನುಷ್ಯನ ಹತ್ರ" ಎಂದಳು. ಅದರಲ್ಲಿ ಸಂತೋಷಕ್ಕಿಂತ ಬೇರೆಯದೇ ಏನೋ ಇತ್ತು. "ನೀನು ಮೊದಲ ಸಲ ಎದ್ದು ನಿಂತದ್ದನ್ನ ನಾನೊಬ್ಬಳೇ ನೋಡಿದೆ ಅಂತ ಅಂದ್ಕೊಂಡಿದ್ದೆ. ಬಾಗಿಲ ಹಿಂದೆ ಅವರೂ ಇದ್ರಂತೆ. ಒಳಗೆ ಬಂದು ಒಂದು ಮಾತು ಹೇಳಿದ್ರೆ ಏನು ಗಂಟು ಹೋಗ್ತಿತ್ತು?"

ಅಮ್ಮ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ, ಬೇಕೋ ಬೇಡವೋ ಎಂಬಂತೆ ಕೇಳಿದಳು: "ನನ್ನ ಬಗ್ಗೆ ಏನಾದ್ರೂ ಇದೆಯಾ ನೋಡು."

ಟೈಲರಕ್ಕ ನೋಡಿದಳು. ತನ್ನಲ್ಲಿ ಉಳಿದಿದ್ದ ಸಂಚಿಕೆಗಳನ್ನೂ ಮಂಚದ ಕೆಳಗಿಂದ ಎಳೆದು ನೋಡಿದಳು. ಸಿಕ್ಕಿದ್ದೆಲ್ಲ ಮಗು. ಮಗು ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು ಮಲಗಿತು, ಮಗುವಿಗೆ ಜ್ವರ ಇಳಿಯಿತು, ಮಗು ಬೆಕ್ಕಿಗೆ ಟೋಪಿ ಹಾಕಿತು. ಹೆಂಡತಿ ಎಲ್ಲೂ ಇರಲಿಲ್ಲ. ಕದ್ದು ಹೇಳುವ ಆ ನಾಚಿಕೆಯ ಪ್ರಾಣಿಗೆ ಅಷ್ಟು ಧೈರ್ಯ ಬಂದಿರಲಿಲ್ಲವೋ, ಅಥವಾ ಹೇಳಬೇಕೆಂದು ತೋಚಲೇ ಇಲ್ಲವೋ, ಯಾರಿಗೆ ಗೊತ್ತು. ತನ್ನ ಹೊಟ್ಟೆ ತುಂಬಿದಷ್ಟೂ ಅಮ್ಮನ ತಟ್ಟೆ ಖಾಲಿಯಿರುವುದು ಅವಳಿಗೆ ಚುಚ್ಚತೊಡಗಿತು.

"ಇವತ್ತು ಸಿಕ್ತಾ?" ಎಂದು ಅಮ್ಮ ಪ್ರತಿ ಮಧ್ಯಾಹ್ನ ಕೇಳುವಳು.

"ಇನ್ನೂ ಇದೆಯಲ್ಲಮ್ಮ, ಹುಡುಕ್ತಿದ್ದೀನಿ" ಎಂದು ಇವಳು ಹೇಳುವಳು.

ಗಂಡನಿಗೆ ನೋಡಲಾಗಲಿಲ್ಲ. ಅಡುಗೆಮನೆಗೆ ಕರೆದು ಪಿಸುಗುಟ್ಟಿದ: "ನೀನೇ ಒಂದು ಸೇರಿಸಿ ಓದಿಬಿಡೇ. ಅವರಿಗೆ ಅಕ್ಷರ ಕಾಣುತ್ತಾ?"

"ಬಾಯಿ ಮುಚ್ಚಿ. ಅಪ್ಪನ ಹೆಸರಲ್ಲಿ ನಾನು ಸುಳ್ಳು ಹೇಳ್ಲಾ?" ಎಂದು ಅವನ ಮೇಲೆ ಹರಿಹಾಯ್ದಳು. ಒಮ್ಮೆ ಅಪ್ಪನನ್ನು ತಪ್ಪಾಗಿ ಓದಿದ್ದೇ ಸಾಕಾಗಿತ್ತು ಅವಳಿಗೆ.

ಶನಿವಾರ ಬಂತು. ಸಂಜೆಗೆ ಕಟ್ಟು ವಾಪಸ್ ಹೋಗಬೇಕೆಂದು ಅಮ್ಮನಿಗೂ ಗೊತ್ತಿತ್ತು. ಟೈಲರಕ್ಕ ಕೊನೆಯ ಸಂಚಿಕೆಯ ಕೊನೆಯ ಪುಟ ಮುಗಿಸಿ ತಲೆಯೆತ್ತಿದಳು. ಅಮ್ಮ ಅಂದು 'ಸಿಕ್ತಾ' ಎಂದು ಕೇಳಲಿಲ್ಲ. ಕೇಳದೆ, ತಾನೇ ಮಗಳಿಗೆ ಸಮಾಧಾನ ಹೇಳುವವಳಂತೆ, "ಪಾಪ, ಕಾಗದಕ್ಕೆ ರೇಷನ್ನು. ಎಲ್ಲರಿಗೂ ಎಲ್ಲಿ ಜಾಗ ಸಾಲುತ್ತೆ" ಎಂದಳು.

ಅಮ್ಮ ಬೈದಿದ್ದರೆ ಟೈಲರಕ್ಕ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮುಚ್ಚಿದ್ದ ಸಂಚಿಕೆಯನ್ನು ಮತ್ತೆ ತೆರೆದಳು. "ಇರು, ಇಲ್ಲೊಂದಿದೆ. ಎರಡು ಪುಟ ಅಂಟಿಕೊಂಡಿತ್ತು ನೋಡು" ಎಂದಳು. ಓದುವವರ ಹಾಗೆಯೇ ನಿಧಾನವಾಗಿ ಹೇಳಿದಳು: "'ಅಷ್ಟರಲ್ಲಿ ಬೆಳಗಾಯಿತು, ಕಿಟಕಿಯ ಹತ್ತಿರ ಅವಳು ಬೆರಳ ತುದಿಯ ಬಿರುಕುಗಳಿಗೆ ಎಣ್ಣೆ ಸವರಿಕೊಳ್ಳುತ್ತ ಕೂತಿದ್ದಳು, ಆ ಕೈಗಳನ್ನು ಒಮ್ಮೆ ಹಿಡಿದುಕೊಳ್ಳಬೇಕೆಂದು ಅವನಿಗೆ ದಿನಾಲೂ ಅನಿಸುತ್ತಿತ್ತು.'"

ಅಮ್ಮನ ಮುಖ ಅರಳಿತು. ಮಂಜು ಮುಸುಕಿದ ಕಣ್ಣು ಎರಡೂ ಮಗಳ ದನಿಯ ಕಡೆ ತಿರುಗಿದವು. ಆಮೇಲೆ ನಿಧಾನವಾಗಿ ತನ್ನ ಎರಡೂ ಕೈಗಳನ್ನು ಹೊದಿಕೆಯ ಹೊರಗೆ ತೆಗೆದು, ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

"ನನ್ನ ಬೆರಳು ಒಡೆದದ್ದು ಲಾಂಡ್ರಿಯ ಸೋಡದ ನೀರಲ್ಲಿ" ಎಂದಳು. "ಅದು ಅವರು ಹೋದ ಮೇಲೆ. ಅವರಿದ್ದಾಗ ನನ್ನ ಕೈ ಬೆಣ್ಣೆ ಹಾಗಿತ್ತು."

ಟೈಲರಕ್ಕನ ಕೈಯಲ್ಲಿ ಪತ್ರಿಕೆ ಹಾಗೇ ನಿಂತಿತು. ನಾಲಿಗೆ ಕಚ್ಚಿಕೊಳ್ಳಲೂ ಹೊತ್ತು ಮೀರಿತ್ತು. ತನಗೆ ನೆನಪಿದ್ದ ಅಮ್ಮನ ಕೈ ಅದೊಂದೇ. ಬೆಳಗಿನ ಚಳಿಯಲ್ಲಿ ಎದ್ದು ಕೂತು ಎಣ್ಣೆ ಸವರಿಕೊಳ್ಳುತ್ತಿದ್ದ ಕೈ, ಹಾಸಿಗೆಯಲ್ಲಿ ನಿದ್ದೆಯ ನಟನೆ ಮಾಡುತ್ತ ತಾನು ನೋಡುತ್ತಿದ್ದ ಕೈ. ಬೇರೆ ಕೈ ಇದ್ದಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅಮ್ಮ, ನಾನು..." ಎಂದಳು.

"ಗೊತ್ತಾಯ್ತು ಬಿಡು, ಯಾರು ಬರೆದದ್ದು ಅಂತ." ಅಮ್ಮ ಕೈ ಚಾಚಿ ತಡಕಾಡಿ ಮಗಳ ಮಣಿಕಟ್ಟು ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. "ಪುಸ್ತಕ ಕೆಳಗಿಡು. ಇನ್ನೊಂದ್ಸಲ ಹೇಳು."